ಹಳೆಯ ಮೋಟಾರಿಗೆ ಏನಾಗಿತ್ತು?

ಗಾಡಿಯ ಬಿಡಿಭಾಗಗಳ ಅಂಗಡಿಗೆ ಹೋದವರೆಲ್ಲ ಆ ಬೋರ್ಡನ್ನು ನೋಡಿಯೇ ಇರುತ್ತಾರೆ: ‘ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ’. ಮೆಕ್ಯಾನಿಕ್ ತಂದ ಬೇರಿಂಗ್ ಅಳತೆಗೆ ಕೂರದಿದ್ದರೆ ಒರೆಸಿ, ಪೊಟ್ಟಣಕ್ಕೆ ಹಾಕಿ, ನಕ್ಕು ಮಾತಾಡಿ ಹಿಂದಿರುಗಿಸಿ ಬರಬಹುದು. ಗಾಡಿ ಎಲೆಕ್ಟ್ರಿಷಿಯನ್ ಆದ ನಾನು ತಂದ ಮೋಟಾರಿಗೆ ಒಮ್ಮೆ ಕರೆಂಟು ತಾಗಿತೆಂದರೆ ಮುಗಿಯಿತು, ಅದು ನಮ್ಮದೇ. ಇದು ನಮ್ಮ ವರ್ಕ್‌ಶಾಪಿನ ಮ್ಯಾನೇಜರಿಗೂ ಗೊತ್ತು. ಆದರೂ ಅವರು ಗಾಡಿಗೆ ಆಗಬೇಕಾದ ಕೆಲಸದ ಚೀಟಿ, ಅಂದರೆ ಜಾಬ್ ಕಾರ್ಡ್ ಬರೆಯುವಾಗಲೇ ಕಾಯಿಲೆಯ ಬದಲು ಮದ್ದನ್ನು ಬರೆದುಬಿಡುತ್ತಾರೆ. ಗಿರಾಕಿ ಹೇಳಿದ್ದು ಎಡಗಡೆ ಮುಂದಿನ ಗ್ಲಾಸ್ ಸರಿಯಾಗಿ ಮೇಲೆ ಬರುವುದಿಲ್ಲ ಎಂದು. ಕಾರ್ಡಿನಲ್ಲಿ ಇದ್ದದ್ದು ‘ಪವರ್ ವಿಂಡೋ ಮೋಟಾರ್ ಬದಲಿಸುವುದು’.

ಜೂನ್ ತಿಂಗಳ ಆರಂಭ. ಕುಂದಾಪುರದ ಕಡೆ ಮಳೆ ಹಿಡಿದಿತ್ತು, ಆಷಾಢದೊಳಗೆ ಮುಗಿಸಬೇಕೆಂಬ ಮದುವೆಗಳ ಗಡಿಬಿಡಿಯೂ ಇತ್ತು. ಗಾಡಿಯ ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ. ಮರುದಿನ ಕಾರ್ಕಳದಲ್ಲಿ ಮದುವೆ ಇದೆ, ಬೆಳಿಗ್ಗೆ ಗಾಡಿ ಬೇಕೇ ಬೇಕು ಎಂದು ಹೇಳಿ ಹೋಗಿದ್ದರು.

ಕಾರ್ಡನ್ನು ನಂಬಿ ಕುಳಿತೆ ಎಂದರೆ ಸುಳ್ಳಾದೀತು. ಪರೀಕ್ಷೆ ಮಾಡಿದ್ದೆ, ಆದರೆ ಒಂದೊಂದು ಪರೀಕ್ಷೆಯೂ ಮೋಟಾರಿನ ಕಡೆಗೇ ಬೆರಳು ತೋರಿಸಿತು. ಗ್ಲಾಸ್ ಸರಾಗವಾಗಿ ಇಳಿಯುತ್ತಿತ್ತು, ಏರುವಾಗ ನರಳುತ್ತಿತ್ತು. ಇಳಿಯುವಾಗ ಗಾಜಿನ ತೂಕವೇ ಸಹಾಯ ಮಾಡುತ್ತದೆ, ಏರುವಾಗ ಮೋಟಾರು ಒಂಟಿಯಾಗಿ ದುಡಿಯಬೇಕು. ಅಂದರೆ ಮೋಟಾರು ಸೋತಿದೆ. ಎಲ್ಲ ಕಿಟಕಿಗಳನ್ನೂ ನಡೆಸುವ ಡ್ರೈವರ್ ಕಡೆಯ ಮಾಸ್ಟರ್ ಸ್ವಿಚ್ ಒತ್ತಿದರೂ ಅಷ್ಟೇ, ಎಡ ಬಾಗಿಲಿನ ಸ್ವಿಚ್ ಒತ್ತಿದರೂ ಅಷ್ಟೇ. ಎರಡು ಸ್ವಿಚ್ ಒಟ್ಟಿಗೆ ಒಂದೇ ಥರ ಕೆಡುವುದುಂಟೇ? ಫ್ಯೂಸ್ ಚೆನ್ನಾಗಿತ್ತು. ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿ, ಮೋಟಾರಿಗೆ ವಯರ್ ಸೇರುವ ಕಪ್ಲರಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಎರಡೂ ದಿಕ್ಕಿಗೆ ಝಗ್ಗನೆ ಉರಿಯಿತು. ಕೊನೆಗೆ ನಮ್ಮ ಹಳೆಯ ಕುಟ್ಟುವ ವಿದ್ಯೆ. ಮೋಟಾರು ಪೂರ್ತಿ ನಿಂತಿದ್ದಾಗ ಸ್ವಿಚ್ ಒತ್ತಿಹಿಡಿಯಲು ಹುಡುಗನಿಗೆ ಹೇಳಿ, ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೋಟಾರಿನ ಬೆನ್ನಿಗೆ ಎರಡು ಏಟು ಕೊಟ್ಟೆ. ಎದ್ದು ಓಡಿತು. ಕುಟ್ಟಿದರೆ ಓಡುವ ಮೋಟಾರಿನ ಕಾರ್ಬನ್, ಅಂದರೆ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತುಂಡು, ಸವೆದಿರುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಕಲಿತ ಮೊದಲ ಪಾಠ. “ಕಾರ್ಬನ್ ಹೋಗಿದೆ ಅಣ್ಣ” ಎಂದು ಹುಡುಗನೇ ತೀರ್ಪು ಕೊಟ್ಟ. ಮೋಟಾರು ಬಂತು, ಕೂತಿತು. ಎಂಜಿನ್ ಓಡುತ್ತಿದ್ದ ಹಾಗೆಯೇ ನಾಲ್ಕಾರು ಬಾರಿ ಏರಿಸಿ ಇಳಿಸಿ ನೋಡಿದೆವು. ರಬ್ಬರ್ ಚಾನೆಲ್ಲಿಗೆ ಸಿಲಿಕಾನ್ ಸ್ಪ್ರೇ ಹೊಡೆದೆವು. ಪ್ಯಾಡ್ ಹಾಕಿದೆವು. ಫೈನಲ್ ಟಿಕ್ ಬಿತ್ತು.

ಬೆಳಿಗ್ಗೆ ಅವರು ರೇಷ್ಮೆ ಪಂಚೆಯಲ್ಲಿ ಬಂದರು. ಬಿಲ್ಲನ್ನು ಸಾಲು ಸಾಲಾಗಿ ಓದಿ ಹಣ ಕೊಟ್ಟರು. ನಮ್ಮ ಪದ್ಧತಿಯಂತೆ ಹಳೆಯ ಮೋಟಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೆವು. ಅವರು ಡ್ರೈವರ್ ಸೀಟಿನಲ್ಲಿ ಕುಳಿತು, ಗಾಡಿ ಇನ್ನೂ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ, ಹೊರಗೆ ಕೊಡೆ ಹಿಡಿದು ನಿಂತಿದ್ದ ಪತ್ನಿಗೆ ಏನೋ ಹೇಳಲು ಎಡ ಗ್ಲಾಸನ್ನು ಇಳಿಸಿದರು. ಜರ್ರೆಂದು ಇಳಿಯಿತು. ಮೇಲೆತ್ತಲು ಒತ್ತಿದರು. ಒಂದು ಗೇಣು ಬಂದು ನಿಂತಿತು.

ಆಮೇಲಿನ ಹತ್ತು ನಿಮಿಷಗಳಲ್ಲಿ ಆದದ್ದೆಲ್ಲವೂ ತಪ್ಪೇ. ಅವರು ಒತ್ತಿದರು. ಕ್ಯಾಬಿನ್ನಿನಿಂದ ಓಡಿಬಂದ ಮ್ಯಾನೇಜರ್ ಒಳಗೆ ಕೈ ತೂರಿಸಿ ಒತ್ತಿದರು. ಮೇಲಾಗದಿದ್ದಾಗ ಕೆಳಗೆ, ಕೆಳಗಾದ ಮೇಲೆ ಮತ್ತೆ ಮೇಲಕ್ಕೆ. ಸ್ವಲ್ಪ ಹೊತ್ತಿಗೆ ಗ್ಲಾಸ್ ಪೂರ್ತಿ ಇಳಿದ ಜಾಗದಲ್ಲೇ ಸತ್ತಂತೆ ನಿಂತಿತು. ಅಷ್ಟರಲ್ಲಿ ಮಳೆ ಜೋರಾಯಿತು. ಹುಡುಗ ಸೀಟಿಗೆ ಹಾಕುವ ಪ್ಲಾಸ್ಟಿಕ್ ಕವರನ್ನು ಕಿಟಕಿಗೆ ಅಡ್ಡ ಹಿಡಿದು ನಿಂತ, ಅದರ ಮೇಲಿಂದ ಹರಿದ ನೀರೆಲ್ಲ ನೇರ ಸೀಟಿಗೇ ಬಿತ್ತು. ಅಮ್ಮನವರು ಜರಿಸೀರೆಯ ಸೆರಗನ್ನು ಒಟ್ಟುಮಾಡಿಕೊಂಡು ಶೆಡ್ಡಿನ ಒಳಕ್ಕೆ ಸರಿದರು. ಮ್ಯಾನೇಜರ್ ನನ್ನ ಕಡೆ ನೋಡಿದರು. ಹೊಸ ಮೋಟಾರೇ ಕೆಟ್ಟದ್ದು ಬಂದಿರಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿಯೂಬಿಟ್ಟೆ.

ಯಜಮಾನರು ಸಿಟ್ಟಾಗಲಿಲ್ಲ. ಮೆಲ್ಲನೆ ಇಳಿದು, ಡಿಕ್ಕಿ ತೆರೆದು, ಆ ಪ್ಲಾಸ್ಟಿಕ್ ಚೀಲವನ್ನು ತಂದು ನನ್ನ ಕೈಗೆ ಕೊಟ್ಟರು. “ಹೊಸದು ಕೆಟ್ಟದ್ದೇ ಇರಲಿ ಮಾರಾಯ್ರೇ. ಹಳೆಯದಕ್ಕೆ ಏನಾಗಿತ್ತು ಅಂತ ಮಾತ್ರ ಹೇಳಿ.”

ಉತ್ತರ ಇರಲಿಲ್ಲ. ಬಿಚ್ಚಿ ತೆಗೆದದ್ದನ್ನು ನೇರ ಬ್ಯಾಟರಿಗೆ ಕೊಟ್ಟು ನೋಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಆ ಹೊತ್ತಿಗೆ ಆಗಬೇಕಾದದ್ದು ಗ್ಲಾಸ್ ಮುಚ್ಚುವುದು. ಎಲ್ಲರ ಕೈಯನ್ನೂ ಸ್ವಿಚ್ಚಿನಿಂದ ದೂರ ಮಾಡಿಸಿ ಕೆಲವು ನಿಮಿಷ ಕಾದೆವು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಸ್ವಿಚ್ ಒತ್ತಲು ಹೇಳಿ, ಗ್ಲಾಸ್ ಗೇಣುದ್ದ ಎದ್ದ ಕೂಡಲೇ ಒಳಗೊಂದು ಹೊರಗೊಂದು ಅಂಗೈ ಒತ್ತಿ ಮೇಲಕ್ಕೆ ತಳ್ಳಿದೆ. ಏರಿ ಕುಳಿತಿತು. ಮದುವೆ ಮುಗಿಯುವವರೆಗೆ ಆ ಸ್ವಿಚ್ ಮುಟ್ಟಬೇಡಿ, ನಾಳೆ ಬನ್ನಿ ಎಂದು ಕಳುಹಿಸಿದೆವು.

ಅವರು ಹೋದ ಮೇಲೆ ಹಳೆಯ ಮೋಟಾರಿಗೆ ಬ್ಯಾಟರಿಯಿಂದ ಎರಡು ವಯರ್ ಕೊಟ್ಟೆ. ಕೈಯಿಂದ ಜಿಗಿಯುವಷ್ಟು ಜೋರಾಗಿ ತಿರುಗಿತು. ವಯರ್ ಅದಲು ಬದಲು ಮಾಡಿದರೆ ಆ ಕಡೆಗೂ ಅಷ್ಟೇ ಜೋರು. ಹಾಗಾದರೆ ಹಿಂದಿನ ದಿನ ಕುಟ್ಟಿದಾಗ ಎದ್ದದ್ದು ಹೇಗೆ? ಈ ಮೋಟಾರುಗಳ ಒಳಗೆ ಬಿಸಿಯಾದರೆ ಕರೆಂಟು ತಡೆಯುವ ರಕ್ಷಣೆ ಇರುತ್ತದೆ. ಒತ್ತಿ ಒತ್ತಿ ಕಾಯಿಸಿದರೆ ಮೋಟಾರು ನಿಲ್ಲುತ್ತದೆ, ತಣಿದರೆ ತಾನೇ ಮರಳುತ್ತದೆ. ನಾನು ಹಿಡಿಕೆ ಹುಡುಕಿಕೊಂಡು ಬರುವಷ್ಟರಲ್ಲಿ ಅದು ತಣಿದಿತ್ತು. ಕುಟ್ಟದೆ ಹೋಗಿದ್ದರೂ ಎದ್ದೇಳುತ್ತಿತ್ತು.

ನಮ್ಮಲ್ಲಿ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ, ಲಕ್ಷಗಟ್ಟಲೆ ಕೊಟ್ಟು ತಂದ ಸ್ಕ್ಯಾನರ್ ಇದೆ, ಬಂದವರಿಗೆಲ್ಲ ಮ್ಯಾನೇಜರ್ ತೋರಿಸುತ್ತಾರೆ. ಈ ಗಾಡಿಯ ಕಿಟಕಿಗಳು ಬರೀ ಸ್ವಿಚ್ಚು ಮತ್ತು ವಯರಿನ ಹಳೇ ಕಾಲದ ಸಂಸಾರ, ಸ್ಕ್ಯಾನರಿನ ಕಣ್ಣಿಗೆ ಬೀಳುವುದೇ ಇಲ್ಲ. ಬೇಕಾಗಿದ್ದದ್ದು ಒಂದು ಸರ್ಕ್ಯೂಟ್ ಚಿತ್ರ, ಇದ್ದದ್ದು ಯಾರೋ ಮೊಬೈಲಿನಲ್ಲಿ ಓರೆಯಾಗಿ ಫೋಟೋ ತೆಗೆದು ಕಳುಹಿಸಿದ ಪುಟ. ಆ ಪುಟವನ್ನೇ ಹಿಗ್ಗಿಸಿ ಹಿಗ್ಗಿಸಿ ಬೆರಳಿನಿಂದ ಗೆರೆ ಹಿಡಿದು ಹೋದಾಗ ಉತ್ತರ ಅಲ್ಲೇ ಕುಳಿತಿತ್ತು.

ಇಂಥ ಗಾಡಿಗಳಲ್ಲಿ ಎಡ ಬಾಗಿಲಿನ ಮೋಟಾರಿಗೆ ಎಡ ಬಾಗಿಲಿನಲ್ಲಿ ಅರ್ಥ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ, ಇರುವುದಿಲ್ಲ. ಅದರ ಎರಡೂ ವಯರು ಎಡ ಸ್ವಿಚ್ಚಿನ ಮೂಲಕ ಹಾದು ಡ್ರೈವರ್ ಕಡೆಯ ಮಾಸ್ಟರ್ ಸ್ವಿಚ್ಚಿಗೆ ಹೋಗಿ, ಅಲ್ಲಿ ಅರ್ಥಿಗೆ ತಾಗಿಕೊಂಡಿರುತ್ತವೆ. ಯಾವ ಸ್ವಿಚ್ ಒತ್ತಿದರೂ ಒಂದು ವಯರಿಗೆ ಪ್ಲಸ್ ಸಿಗುತ್ತದೆ, ಇನ್ನೊಂದು ವಯರಿನ ಕರೆಂಟು ಮಾಸ್ಟರ್ ಸ್ವಿಚ್ಚಿನ ಮೂಲಕವೇ ಮನೆಗೆ ಮರಳಬೇಕು. ಏರುವಾಗ ಮರಳುವ ದಾರಿ ಒಂದು, ಇಳಿಯುವಾಗ ಇನ್ನೊಂದು. ಮಾಸ್ಟರ್ ಸ್ವಿಚ್ಚಿನೊಳಗೆ ಏರುವಾಗ ಕರೆಂಟು ಮರಳುವ ಆ ಒಂದೇ ಒಂದು ಲೋಹದ ಕಾಂಟ್ಯಾಕ್ಟ್ ಕೆಟ್ಟರೆ ಸಾಕು: ಇಳಿಯುವುದು ಸರಾಗ, ಏರುವುದು ನರಳಾಟ, ಅದೂ ಎರಡೂ ಸ್ವಿಚ್ಚಿನಿಂದ. ಎರಡು ಸ್ವಿಚ್ ಒಟ್ಟಿಗೆ ಕೆಡಬೇಕಾಗಿಯೇ ಇರಲಿಲ್ಲ.

ಮರುದಿನ ಗಾಡಿ ಬಂದಾಗ ಎಂಜಿನ್ ಆಫ್ ಮಾಡಿ, ಮೀಟರಿನ ಕಪ್ಪು ವಯರನ್ನು ಬ್ಯಾಟರಿ ಮೈನಸ್‌ಗೆ, ಕೆಂಪನ್ನು ಮೋಟಾರಿನಿಂದ ಮರಳುವ ವಯರಿಗೆ ಚುಚ್ಚಿ, ಗ್ಲಾಸ್ ಏರಿಸಲು ಹೇಳಿದೆ. ಹೆಚ್ಚುಕಡಿಮೆ ಸೊನ್ನೆ ಇರಬೇಕಾದಲ್ಲಿ 4 ವೋಲ್ಟ್ ಬಂತು. 12 ವೋಲ್ಟಿನಲ್ಲಿ ನಾಲ್ಕನ್ನು ದಾರಿಯಲ್ಲೇ ಯಾರೋ ತಿನ್ನುತ್ತಿದ್ದರು. ಮೋಟಾರು 10 ಆಂಪಿಯರ್ ಎಳೆಯುವಾಗ 4 ವೋಲ್ಟ್ ನುಂಗಲು 0.4 ಓಮ್ ತಡೆ ಸಾಕು. ಅಷ್ಟು ಸಣ್ಣ ತಡೆಯನ್ನು, ವಯರ್ ತುಂಡಾಗಿಲ್ಲ ಎಂದು ಮೀಟರ್ ಕೂಗಿ ಹೇಳುವ ಬೀಪ್ ಪರೀಕ್ಷೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮೀಟರ್ ಖುಷಿಯಾಗಿ ಕೂಗುತ್ತದೆ. ಅರ್ಧ ಆಂಪಿಯರೂ ಎಳೆಯದ ಟೆಸ್ಟ್ ಲ್ಯಾಂಪ್ ಕೂಡ ಝಗ್ಗನೆ ಉರಿಯುತ್ತದೆ. ಎಂಜಿನ್ ಓಡುವಾಗ 14 ವೋಲ್ಟ್ ಸಿಗುವುದರಿಂದ ಗ್ಲಾಸ್ ಹೇಗೋ ಏರುತ್ತಿತ್ತು. ನಾವು ಪರೀಕ್ಷಿಸಿದ್ದು ಓಡುವ ಎಂಜಿನ್ನಿನಲ್ಲಿ, ಅವರು ಒತ್ತಿದ್ದು ಬರೀ ಬ್ಯಾಟರಿಯಲ್ಲಿ.

ಮಾಸ್ಟರ್ ಸ್ವಿಚ್ ಬಿಚ್ಚಿದಾಗ ಒಂದು ಕಾಂಟ್ಯಾಕ್ಟಿನ ಸುತ್ತ ಹಸಿರು ಕಿಲುಬು, ಅದರ ಅಂಚಿನಲ್ಲಿ ಬಿಳಿಯ ಪುಡಿ, ಪಕ್ಕದ ಪ್ಲಾಸ್ಟಿಕ್ ಕಾದು ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ನೀರು ಹೋಗದೆ ಹೀಗಾಗುವುದಿಲ್ಲ. ಮಳೆಯಲ್ಲಿ ಗ್ಲಾಸ್ ಇಳಿಸಿದ್ದಿರಾ ಎಂದು ಕೇಳಿದೆ. ಇಲ್ಲ ಎಂದರು. ಅಮ್ಮನವರು ನೆನಪಿಸಿದರು, ಏಪ್ರಿಲಿನಲ್ಲಿ ಬಿಸಿಲು ತಡೆಯಲಾಗದೆ ಗ್ಲಾಸಿಗೆ ಫಿಲ್ಮ್ ಹಾಕಿಸಿದ್ದರು. ಫಿಲ್ಮ್ ಅಂಟಿಸುವವರು ಒಳಗಿನಿಂದ ಗ್ಲಾಸಿಗೆ ಸೋಪುನೀರು ಸುರಿಯುತ್ತಾರೆ, ಪಟ್ಟಿಯಿಂದ ಉಜ್ಜಿ ಇಳಿಸುತ್ತಾರೆ. ಆ ನೀರು ಪ್ಯಾಡಿನ ಮೇಲೆ ಹರಿದು ನೇರ ಸ್ವಿಚ್ಚಿನ ಗುಂಡಿಗಳ ಸಂದಿಗೆ ಇಳಿಯುತ್ತದೆ. ಬದಿಯ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಬೇಕೆಂಬ ನಿಯಮವನ್ನು ಪೊಲೀಸರು ನೋಡಿಕೊಳ್ಳಲಿ, ನನ್ನ ತಕರಾರು ಸೋಪುನೀರಿನ ಮೇಲೆ. ಇತ್ತೀಚೆಗೆ ಫಿಲ್ಮ್ ಹಾಕಿಸಿದ್ದೀರಾ, ಗಾಡಿಯ ಒಳಗೆ ವಾಷಿಂಗ್ ಮಾಡಿಸಿದ್ದೀರಾ ಎಂದು ಕೇಳುವ ಜಾಗ ಜಾಬ್ ಕಾರ್ಡಿನಲ್ಲಿ ಇಲ್ಲ. ಮುಂದಿನ ಸರ್ವೀಸ್ ದಿನಾಂಕಕ್ಕೆ ಮಾತ್ರ ದಪ್ಪ ಅಕ್ಷರದ ಜಾಗ ಇದೆ.

ಹೊಸ ಮಾಸ್ಟರ್ ಸ್ವಿಚ್ ಬರುವವರೆಗೆ ಹಳೆಯದನ್ನೇ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು ಹಾಕಿದೆವು. ಎಮರಿ ಪೇಪರ್ ತಾಗಿಸಲಿಲ್ಲ, ಮೇಲಿನ ಲೇಪ ಹೋದರೆ ಮತ್ತಷ್ಟು ಬೇಗ ಸುಡುತ್ತದೆ. 4 ವೋಲ್ಟ್ ಇದ್ದದ್ದು ಅರ್ಧ ವೋಲ್ಟಿಗೂ ಕೆಳಗೆ ಇಳಿಯಿತು, ಬರೀ ಬ್ಯಾಟರಿಯಲ್ಲೇ ಗ್ಲಾಸ್ ನಿಲ್ಲದೆ ಏರಿತು.

ನಿಜವಾಗಿ ಮೋಟಾರೇ ಹೋದ ಬಾಗಿಲುಗಳೂ ಬರುತ್ತವೆ, ಅವುಗಳ ಲಕ್ಷಣ ಬೇರೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹಿಂದೆ ಯಾರೋ ಹರಿದು ಹಾಗೆಯೇ ಬಿಟ್ಟಿರುತ್ತಾರೆ, ಬಾಗಿಲಿನ ತಳದ ತೂತುಗಳು ಕೆಸರು ಕಟ್ಟಿರುತ್ತವೆ, ಬಾಗಿಲು ಅಲುಗಿಸಿದರೆ ಒಳಗೆ ನೀರು ಕುಲುಕುತ್ತದೆ. ಅಲ್ಲಿ ಕಪ್ಲರಿನಲ್ಲಿ ಮೋಟಾರಿನ ಲೋಡ್ ಇರುವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಮೋಟಾರು ಮಾತ್ರ ಅಲುಗುವುದಿಲ್ಲ. ಅಂಥದ್ದನ್ನು ಕಣ್ಣುಮುಚ್ಚಿ ಬದಲಿಸಿ. ಆದರೆ ಗ್ಲಾಸನ್ನು ಎತ್ತುವ ರೆಗ್ಯುಲೇಟರ್ ಕತ್ತರಿ ಥರದ್ದಾಗಿದ್ದರೆ ಮೋಟಾರಿನ ಬೋಲ್ಟ್ ಬಿಚ್ಚುವ ಮೊದಲು ಹಲ್ಲಿನ ಪಟ್ಟಿಯನ್ನು ಬೋಲ್ಟ್ ಹಾಕಿಯೋ ಕ್ಲ್ಯಾಂಪ್ ಹಿಡಿದೋ ಬಂಧಿಸಿ. ಸುರುಳಿ ಸ್ಪ್ರಿಂಗ್ ಬಿಗಿದುಕೊಂಡಿರುತ್ತದೆ, ಮೋಟಾರು ಬಿಟ್ಟ ಕ್ಷಣ ತೋಳು ಹೊಡೆಯುತ್ತದೆ, ಬೆರಳು ಉಳಿಯುವುದಿಲ್ಲ. ಗ್ಲಾಸನ್ನು ಮೇಲಕ್ಕೆ ಟೇಪ್ ಹಾಕಿ ನಿಲ್ಲಿಸುವುದನ್ನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ, ಆದರೂ ಹೇಳಬೇಕಾಗುತ್ತದೆ.

ಇನ್ನು ದುಡ್ಡಿನ ಮಾತು. ಮೋಟಾರು ಹೊಸದೇ ಇದೆಯಲ್ಲ, ಹಾಕಿಯೂ ಆಗಿದೆ, ಇರಲಿ ಬಿಡಿ ಎಂದು ಮ್ಯಾನೇಜರ್ ಶುರುಮಾಡಿದರು. ಯಜಮಾನರು ಕನ್ನಡಕ ತೆಗೆದು ಒರೆಸಿ, ಹಳೆಯದು ಸರಿ ಇದೆ ಎಂದು ನಿಮ್ಮವರೇ ತೋರಿಸಿದರಲ್ಲ, ಅದನ್ನೇ ಹಾಕಿ, ಸ್ವಿಚ್ಚಿನ ಹಣ ಮುರಿದುಕೊಂಡು ಉಳಿದದ್ದು ಕೊಡಿ ಎಂದರು. ಮತ್ತೆ ಪ್ಯಾಡ್ ಬಿಚ್ಚಿದೆವು. ಎಡಗಡೆಯ ಮೋಟಾರು ಬಲಗಡೆಗೆ ಕೂರುವುದಿಲ್ಲವಾದ್ದರಿಂದ ಹೊಸದು ಅದೇ ಮಾದರಿಯ, ಅದೇ ಬದಿ ಕೆಟ್ಟ ಗಾಡಿಗಾಗಿ ಕಪಾಟಿನಲ್ಲಿ ಕಾಯುತ್ತಿದೆ. ನನ್ನ ಆ ತಿಂಗಳ ಇನ್ಸೆಂಟಿವ್‌ನಲ್ಲಿ ಎಷ್ಟು ಕಡಿತವಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಕಾರ್ಡಿನಲ್ಲಿ ಮದ್ದು ಬರೆದವರ ಸಂಬಳ ಪೂರ್ತಿ ಬಂತು.

ಹೋದ ವಾರ ಫಿಲ್ಮ್ ಅಂಗಡಿಗೂ ಹೋಗಿ ಬಂದೆ. ನೀರು ಹಾಕುವ ಮೊದಲು ಸ್ವಿಚ್ ಮೇಲೆ ಒಂದು ಟವೆಲ್ಲೋ ಪ್ಲಾಸ್ಟಿಕ್ಕೋ ಹೊದಿಸಿ ಎಂದೆ. ನಮ್ಮಲ್ಲಿ ಅಂಥ ಕಂಪ್ಲೇಂಟ್ ಇದುವರೆಗೆ ಒಂದೂ ಬಂದಿಲ್ಲ ಎಂದರು. ಬರುವುದು ಹೇಗೆ? ಅವೆಲ್ಲ ಎರಡು ತಿಂಗಳು ಕಳೆದು ಮೋಟಾರ್ ಕಂಪ್ಲೇಂಟ್ ಆಗಿ ನಮ್ಮ ಶೆಡ್ಡಿಗೆ ಬರುತ್ತವೆ.