ಹಳೆಯ ಪಿಕಪ್‌ಗೆ ಕಾರಿನ ಸೀಟು

ನಮ್ಮ ತೋಟದ ಹಳೆಯ ಪಿಕಪ್‌ನ ಎಂಜಿನ್‌ಗೆ ಇನ್ನೂ ಆಯಸ್ಸಿದೆ. ಆದರೆ ಅದರ ಡ್ರೈವರ್ ಸೀಟು ಮಾತ್ರ ಅಪ್ಪನಿಗೂ ನನಗೂ ವರ್ಷಗಳಿಂದ ಸೊಂಟನೋವು ತಂದಿತ್ತು. ಕುಶಾಲನಗರದಲ್ಲಿ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಮೂಟೆಗಳನ್ನು ಇಳಿಸಿ ಖಾಲಿ ಗಾಡಿಯಲ್ಲಿ ಸಿದ್ದಾಪುರದ ಕಡೆಗೆ ಮರಳುವಾಗ ನೋವು ಹೆಚ್ಚುತ್ತಿತ್ತು. ಹಿಂಬದಿಯ ಲೀಫ್ ಸ್ಪ್ರಿಂಗ್‌ಗಳು ಭಾರ ಹೊರುವುದಕ್ಕೆಂದೇ ಇರುವಂಥವು. ಭಾರವಿಲ್ಲದಾಗ ಅವು ಬಾಗದೆ ರಸ್ತೆಯ ಪ್ರತಿ ಹೊಂಡವನ್ನೂ ನೇರವಾಗಿ ಸೀಟಿಗೆ ದಾಟಿಸುತ್ತವೆ. ಕುಳಿತಿರುವ ಮನುಷ್ಯನ ಬೆನ್ನೆಲುಬನ್ನು ಹೆಚ್ಚು ಬಾಧಿಸುವುದು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿಯ ಮೇಲೆ-ಕೆಳಗಿನ ಕಂಪನ. ಸವೆದ ಸ್ಪಂಜಿನ ಮೇಲೆ ಇನ್ನೊಂದು ಮೆತ್ತೆ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ತಳಕಚ್ಚುತ್ತದೆ. ಆದ್ದರಿಂದ ಸೀಟನ್ನೇ ಬದಲಿಸಲು ನಿರ್ಧರಿಸಿದೆವು.

ಮೈಸೂರಿನ ಗುಜರಿಯಲ್ಲಿ ಒಂದು ಸಣ್ಣ ಕಾರಿನ ಮುಂದಿನ ಸೀಟು ಸಿಕ್ಕಿತು. ಬದಿಯಲ್ಲಿ ಏರ್‌ಬ್ಯಾಗ್ ಇರುವ ಸೀಟುಗಳನ್ನು, ಅಂದರೆ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಇದ್ದವುಗಳನ್ನು, ನೋಡಿದ ಕೂಡಲೇ ಕೈಬಿಟ್ಟೆ. ಒತ್ತಿದರೆ ಮೆತ್ತಗಿರುವ ಸೀಟಿಗಿಂತ, ಸೊಂಟದ ಕುಳಿಗೆ ಆನಿಕೆ ಕೊಟ್ಟು ಎರಡೂ ಬದಿಗಳಲ್ಲಿ ಸ್ವಲ್ಪ ಉಬ್ಬಿರುವ ಸೀಟು ನಮ್ಮ ರಸ್ತೆಗಳಿಗೆ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಚಪ್ಪಟೆ ಸೀಟಿನ ಮೇಲೆ ಜಾರದಂತೆ ಮೈ ಬಿಗಿಹಿಡಿಯುವುದೇ ಅರ್ಧ ಆಯಾಸ.

ನಿಜವಾದ ಕೆಲಸವಿರುವುದು ಕೂರಿಸುವುದರಲ್ಲಿ. ಕಾರಿನಲ್ಲಿ ಕಾಲುಗಳನ್ನು ಮುಂದಕ್ಕೆ ಚಾಚಿ ತಗ್ಗಿನಲ್ಲಿ ಕೂರುತ್ತೇವೆ. ಪಿಕಪ್‌ನಲ್ಲಿ ಮೊಣಕಾಲು ಮಡಿಸಿ, ಪೆಡಲನ್ನು ಮೇಲಿನಿಂದ ಒತ್ತುತ್ತೇವೆ. ಕಾರಿನ ಸೀಟನ್ನು ಇದ್ದಂತೆಯೇ ನೆಲಕ್ಕೆ ಬಿಗಿದರೆ ಸ್ಟಿಯರಿಂಗ್ ಎದೆಯ ಮಟ್ಟಕ್ಕೆ ಬರುತ್ತದೆ. ಎತ್ತರಿಸುವಾಗ ಮುಂಭಾಗ ಹೆಚ್ಚು ಮೇಲೆದ್ದರೆ ತೊಡೆಯ ಅಡಿಭಾಗ ಒತ್ತಿ, ಕ್ಲಚ್ ತುಳಿಯುವ ಕಾಲು ಜೋಮು ಹಿಡಿಯುತ್ತದೆ. ಹಾಗಾಗಿ ಮೊದಲು ಮರದ ತುಂಡುಗಳ ಮೇಲೆ ಸೀಟನ್ನಿಟ್ಟು, ಅಪ್ಪನನ್ನೂ ಕೂರಿಸಿ, ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಎತ್ತರ ಮತ್ತು ದೂರವನ್ನು ಗುರುತು ಮಾಡಿಕೊಂಡೆವು.

ಹಳೆಯ ಸೀಟು ತೆಗೆದಾಗ ಮ್ಯಾಟ್‌ನ ಅಡಿಯಲ್ಲಿ ಎಷ್ಟೋ ಮಳೆಗಾಲಗಳ ತೇವ ಕಂಡಿತು. ಒಂದು ಬೋಲ್ಟಿನ ಸುತ್ತ ತಗಡು ಬೆರಳೊತ್ತಿದರೆ ಪುಡಿಯಾಗುವಷ್ಟು ತುಕ್ಕು ಹಿಡಿದಿತ್ತು. ಗೋಣಿಕೊಪ್ಪದ ವೆಲ್ಡಿಂಗ್‌ನವರು ಅದನ್ನು ನೋಡಿ, "ಬರೀ ತಗಡಿಗೆ ಬೋಲ್ಟ್ ಹಾಕಿದರೆ ಜೋರಾಗಿ ಬ್ರೇಕ್ ಹೊಡೆಯುವ ತನಕ ಅಷ್ಟೇ, ಅಣ್ಣ" ಎಂದರು. ಬ್ಯಾಟರಿಯ ತಂತಿ ಬಿಚ್ಚಿಟ್ಟು, ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ತಗಡು ಬೆಸೆದು, ಅಡಿಯಿಂದ ದಪ್ಪ ಉಕ್ಕಿನ ಪಟ್ಟಿ ಕೊಟ್ಟು, ಎಲ್ ಆಕಾರದ ಆ್ಯಂಗಲ್‌ನಿಂದ ಚೌಕಟ್ಟು ಮಾಡಿಸಿದೆವು. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಹೈಟೆನ್ಸೈಲ್, ಅಂದರೆ ಹೆಚ್ಚು ಎಳೆತ ತಾಳುವ, ಬೋಲ್ಟುಗಳನ್ನೇ ಬಳಸಿದೆವು. ಸೀಟು ಹಿಂದೆ-ಮುಂದೆ ಸರಿಯುವ ಹಳಿಗೆ ಮಾತ್ರ ಎಲ್ಲಿಯೂ ವೆಲ್ಡಿಂಗ್ ಮುಟ್ಟಿಸಲಿಲ್ಲ. ಕಾವಿಗೆ ಅದು ಸೊಟ್ಟಗಾದರೆ ಬೀಗ ಸರಿಯಾಗಿ ಕಚ್ಚುವುದಿಲ್ಲ.

ಬೆಲ್ಟಿನ ವಿಷಯದಲ್ಲಿ ರಾಜಿ ಸಲ್ಲದು. ಆ ಕಾರಿನ ಸೀಟಿನಲ್ಲಿ ಬಕಲ್ ಸೀಟಿನ ಚೌಕಟ್ಟಿಗೇ ಇತ್ತು. ಅಪಘಾತವಾದರೆ ಮನುಷ್ಯನನ್ನು ತಡೆದು ನಿಲ್ಲಿಸುವ ಎಳೆತದ ದೊಡ್ಡ ಪಾಲು ನಾವು ಮಾಡಿಸಿದ ಚೌಕಟ್ಟಿನ ಮೇಲೆ ಬೀಳುತ್ತಿತ್ತು. ಆ ಬಕಲನ್ನು ಬಿಚ್ಚಿ, ಪಿಕಪ್‌ನ ಬಾಡಿಯಲ್ಲಿ ಮೊದಲಿನಿಂದಲೂ ಇರುವ ಜಾಗಗಳಲ್ಲೇ ಅದರ ಬೆಲ್ಟನ್ನು ಉಳಿಸಿಕೊಂಡೆವು. ಸೀಟಿನ ಎತ್ತರ ಬದಲಾದ ಮೇಲೂ ಪಟ್ಟಿ ಹೊಟ್ಟೆಗೆ ಏರದೆ ಸೊಂಟದ ಮೂಳೆಯ ಮೇಲೇ ಕೂರುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆಸನಗಳ ಸಂಖ್ಯೆಯೂ ಆ ಪತ್ರದಲ್ಲಿರುವುದರಿಂದ ಅದನ್ನು ಬದಲಿಸಲಿಲ್ಲ. ಪಕ್ಕದ ಇಬ್ಬರ ಸೀಟು ಹಾಗೆಯೇ ಇದೆ. 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ವಾಹನದ ಯೋಗ್ಯತಾ ಪತ್ರವಾದ ಎಫ್‌ಸಿ ಮಾಡಿಸಬೇಕಾದ್ದರಿಂದ, ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಬಟ್ಟೆಯ ಹೊದಿಕೆ ಜೂನ್-ಜುಲೈಯಲ್ಲಿ ಬೂಷ್ಟು ಹಿಡಿಯುವುದರಿಂದ ಮೇಲೆ ರೆಕ್ಸಿನ್ ಹೊದಿಸಿದ್ದೇವೆ. ಡಿಸೆಂಬರ್‌ನಲ್ಲಿ ರೋಬಸ್ಟಾ ಕೊಯ್ಲು ಶುರುವಾಗುವ ಮುನ್ನ ಪಕ್ಕದ ಸೀಟಿನ ಸ್ಪಂಜನ್ನೂ ಬದಲಿಸಬೇಕು.