ತಿಬೇರಿಯಸ್‌ನ ಕೆನ್ನೆಗೆ ಉಳಿಯ ಏಟು

ಚಿಕ್ಕಮ್ಮನ ಪವನಿನ ಸರದ ಕೊಂಡಿ ಕಳಚಿತ್ತೆಂದು ಮೊನ್ನೆ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆವು. ಅವರು ಬೆಸುಗೆ ಹಾಕುವಷ್ಟರಲ್ಲಿ ಸುಮ್ಮನಿರಲಾರದೆ ಮೊಬೈಲಿನಲ್ಲಿದ್ದ ಒಂದು ಚಿತ್ರ ತೋರಿಸಿದೆ. ರೋಮಿನ ಚಿನ್ನದ ನಾಣ್ಯ, ಚಕ್ರವರ್ತಿ ತಿಬೇರಿಯಸ್‌ನದು. ತಲೆಗೆ ಎಲೆಗಳ ಕಿರೀಟ, ಚೂಪು ಮೂಗು, ಕೆನ್ನೆಯ ಮೇಲೆ ಅಡ್ಡಲಾಗಿ ಉಳಿಯ ಆಳವಾದ ಗಾಯ.

ಅವರು ಚಿತ್ರ ಹಿಗ್ಗಿಸಿ ನೋಡಿ, "ಚಿನ್ನ ಪರೀಕ್ಷೆ ಮಾಡೋನು ಅಂಚಿಗೆ ಹೊಡೀತಾನೆ ಸಾರ್. ಇವನು ಮುಖಕ್ಕೇ ಹೊಡೆದಿದ್ದಾನೆ" ಅಂದರು.

ಆ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. 1898ರಲ್ಲಿ ತಮಿಳುನಾಡಿನ ಪುದುಕೋಟೆಯ ಬಳಿ ಸಿಕ್ಕ ಗಂಟಿನಲ್ಲಿ 501 ಚಿನ್ನದ ನಾಣ್ಯಗಳಿದ್ದವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಇದೇ ಗತಿ: ಅಗಸ್ಟಸ್, ತಿಬೇರಿಯಸ್, ನೀರೋ, ಯಾರನ್ನೂ ಬಿಟ್ಟಿಲ್ಲ. (ನಮ್ಮ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ರೋಮನ್ ನಾಣ್ಯಗಳು ಬೆಳ್ಳಿಯವು.) ಶುದ್ಧತೆ ನೋಡಲು ಕೆತ್ತಿದರು ಅಂತ ಕೆಲವು ವಿದ್ವಾಂಸರು, ನಾಣ್ಯವಾಗಿ ಮತ್ತೆ ಚಲಾವಣೆಗೆ ಹೋಗದಿರಲಿ ಅಂತ ಕೆಡಿಸಿದರು ಎಂದು ಇನ್ನು ಕೆಲವರು. ಪುಸ್ತಕ ಬರೆಯುವವರು ಒಮ್ಮೆಯಾದರೂ ಉಳಿ ಹಿಡಿದವರನ್ನು ಕೇಳಬೇಕಿತ್ತು ಅಂತ ನನಗನ್ನಿಸುತ್ತದೆ.

ಅಂಚಿಗಲ್ಲ, ಮುಖಕ್ಕೇ. ಏಟೆಲ್ಲ ದೊರೆಯ ತಲೆಯಿರುವ ಬದಿಗೆ. ತಿಬೇರಿಯಸ್‌ನ ನಾಣ್ಯದ ಹಿಂಬದಿಯಲ್ಲಿ ರಾಜದಂಡ, ಕೊಂಬೆ ಹಿಡಿದು ಕೂತ ಹೆಂಗಸಿದ್ದಾಳೆ, ಅವನ ತಾಯಿ ಲಿವಿಯಾ ಇರಬೇಕೆನ್ನುತ್ತಾರೆ. ಆಕೆ ನಿರುಮ್ಮಳವಾಗಿ ಕೂತಿದ್ದಾಳೆ. ರೋಮಿನಲ್ಲಿ ಆ ತಲೆಯೇ ನಾಣ್ಯದ ಜೀವ. ಒಂದು ಚಿನ್ನಕ್ಕೆ 25 ಬೆಳ್ಳಿ ನಾಣ್ಯ ಎಂಬ ಲೆಕ್ಕ ನಿಂತಿದ್ದು ಅದರ ಅಧಿಕಾರದ ಮೇಲೆ. ಕಡಲು ದಾಟಿ ಮೆಣಸು ಕೊಳ್ಳಲು ಬಂದಾಗ ತೂಗಿದ್ದು ಲೋಹ ಮಾತ್ರ. ಆ ತೂಕವೂ ಎಂಟು ಗ್ರಾಮಿಗೆ ತುಸು ಕಡಿಮೆ, ಹೆಚ್ಚುಕಡಿಮೆ ನಮ್ಮ ಪವನಿನಷ್ಟೇ.

ಇದನ್ನೆಲ್ಲ ನಾನು ವಿವರಿಸುತ್ತಿದ್ದರೆ ಚಿಕ್ಕಮ್ಮ ಜಾರ್ಜ್ ದೊರೆಯ ಮುಖಗಳಿದ್ದ ಸರವನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡರು. "ನಮ್ಮವನಿಗೆ ಏನೂ ಮಾಡ್ಬೇಡಿ." ನಮ್ಮವನಂತೆ! ಸ್ವಾತಂತ್ರ್ಯಕ್ಕೆ ಜೈಲಿಗೆ ಹೋಗಿಬಂದ ತಾತನ ಮಗಳು ಹೇಳುವ ಮಾತೇ ಇದು? ಆ ಕಾಲದವನು ಉಳಿ ಎತ್ತಿದಾಗ ಅವನ ಪಾಲಿಗೆ ಆ ಮುಖ ಯಾರದೂ ಆಗಿರಲಿಲ್ಲವೋ, ಅಥವಾ ಚೆನ್ನಾಗಿ ಗೊತ್ತಿದ್ದೇ ಹೊಡೆದನೋ? ಅಕ್ಕಸಾಲಿಗರನ್ನೇ ಕೇಳಿದೆ. ಅವರಾಗಲೇ ಬಿಲ್ಲು ಬರೆಯುತ್ತಿದ್ದರು.