ಮೊಲ ಬರುವ ಹಿತ್ತಲಲ್ಲಿ ಅವರೆ ಬಳ್ಳಿ

ಚಿಕಾಗೋ ಸುತ್ತಮುತ್ತ ಹಿತ್ತಲಲ್ಲಿ ತರಕಾರಿ ಬೆಳೆಯುವ ಕನ್ನಡದವರು ಮೇ ತಿಂಗಳು ಬಂತೆಂದರೆ ಮಾತಾಡುವುದು ಮೊಲದ ಬಗ್ಗೆಯೇ. ಇಲ್ಲಿನವು ಕಾಟನ್‌ಟೇಲ್ ಅನ್ನೋ ಕಂದು ಬಣ್ಣದ ಕಾಡು ಮೊಲಗಳು. ಕಾಡೇ ಬೇಕೆಂದಿಲ್ಲ, ಮನೆ ಮುಂದಿನ ಹುಲ್ಲು, ಒಂದೆರಡು ಪೊದೆ ಇದ್ದರೆ ಸಾಕು. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಮೇಯಲು ಬರುತ್ತವೆ.

ನೋಡಲು ಮುದ್ದಾಗಿರುತ್ತವೆ, ನಿಜ. ಆದರೆ ಅವರೆ ಸಸಿ ಕಳೆದುಕೊಂಡವರಿಗೆ ಆಗುವ ಸಂಕಟ ಬೇರೆ. ಮೇ ಮಧ್ಯದವರೆಗೂ ರಾತ್ರಿ ಹಿಮ ಬೀಳುವ ಭಯವಿರುವುದರಿಂದ ಬೀಜವನ್ನು ಮನೆಯೊಳಗೇ ಮೊಳಕೆ ಬರಿಸಿ, ಕಿಟಕಿ ಬಳಿ ಕುಂಡದಲ್ಲಿ ಸಾಕಿ, ಆಮೇಲೆ ಹೊರಗೆ ನೆಡಬೇಕು. ಅವರೆ ಹೂ ಬಿಡುವುದು ಹಗಲು ಚಿಕ್ಕದಾಗುತ್ತಾ ಬಂದ ಮೇಲೆ. ಅಕ್ಟೋಬರಿನಲ್ಲಿ ಮತ್ತೆ ಹಿಮ. ಮಧ್ಯೆ ಸಿಗುವುದೇ ಸ್ವಲ್ಪ ದಿನ. ಮೊಲ ಎಳೆ ಸಸಿಯನ್ನು ಮೊದಲೆರಡು ದಪ್ಪ ಎಲೆಗಳ ಕೆಳಗೇ ಕಚ್ಚಿಬಿಟ್ಟರೆ ಅದು ಮತ್ತೆ ಚಿಗುರುವುದಿಲ್ಲ. ತಡವಾಗಿ ಇನ್ನೊಂದು ಬೀಜ ಹಾಕಿದರೆ ಕಾಯಿ ತುಂಬುವ ಮೊದಲೇ ಚಳಿ ಬರುತ್ತದೆ. ಆ ವರ್ಷ ಸೊಗಡಿನ ಅವರೆಕಾಳು ಸಾರಿಲ್ಲ, ಅಷ್ಟೇ.

ತಿಂದದ್ದು ಮೊಲವೇ ಅಂತ ಹೇಗೆ ಗೊತ್ತಾಗುತ್ತದೆ? ಕಾಂಡವನ್ನು ನೋಡಿ. ಚಾಕುವಿನಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ನುಣುಪಾಗಿದ್ದರೆ ಮೊಲ. ಜಿಂಕೆಗೆ ಮೇಲಿನ ಮುಂಬಲ್ಲುಗಳಿಲ್ಲ, ಅದು ಎಳೆದು ಹರಿಯುತ್ತದೆ, ತುದಿ ನಾರುನಾರಾಗಿರುತ್ತದೆ. ಹುರುಳಿಕಾಯಿ, ಬಟಾಣಿ, ಬೀಟ್‌ರೂಟ್ ಸೊಪ್ಪು ಮೊಲಕ್ಕೆ ಬಲು ಇಷ್ಟ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಗಿಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಮೆಣಸಿನ ಪುಡಿ ಉದುರಿಸಿ ಅಂತ ಊರಿಂದ ಫೋನಿನಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಮಳೆ ಬಂದರೆ ಅದು ತೊಳೆದುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಕೊಳೆತ ಮೊಟ್ಟೆ ವಾಸನೆಯ ಸ್ಪ್ರೇ ಕೂಡ ಮತ್ತೆ ಮತ್ತೆ ಹೊಡೆಯಬೇಕು, ಮೇಲಾಗಿ ತಿನ್ನುವ ಸೊಪ್ಪಿಗೆ ಅದನ್ನು ಹೊಡೆಯಲು ಯಾರಿಗೆ ಮನಸ್ಸು ಬರುತ್ತದೆ?

ನನ್ನ ಪ್ರಕಾರ ನೆಚ್ಚಬಹುದಾದದ್ದು ಬೇಲಿ ಒಂದೇ. ಚಿಕನ್ ವೈರ್, ಅಂದರೆ ಕೋಳಿಗೂಡಿಗೆ ಹಾಕುವ ತೆಳು ತಂತಿಯ ಜಾಲರಿ ತಂದು ಪಾತಿಯ ಸುತ್ತ ಗೂಟ ಹೊಡೆದು ಕಟ್ಟಬೇಕು. ಎತ್ತರ 2 ಅಡಿ ಇದ್ದರೆ ಸಾಕು. ಕಣ್ಣುಗಳು 1 ಇಂಚಿಗಿಂತ ದೊಡ್ಡದಿರಬಾರದು, ಮರಿಗಳು ನುಸುಳಿಬಿಡುತ್ತವೆ. ಮುಖ್ಯವಾದದ್ದು ಬುಡ. ತಂತಿಯನ್ನು ನೆಲಕ್ಕೆ ಸುಮ್ನೆ ತಾಗಿಸಿ ನಿಲ್ಲಿಸಿದರೆ ಕೆಳಗೆ ತೂರಿಕೊಂಡು ಬರುತ್ತವೆ. ಒಂದಷ್ಟು ಇಂಚು ಮಣ್ಣೊಳಗೆ ಹೂಳಬೇಕು, ಇಲ್ಲವೇ ಹೊರಗಡೆಗೆ ಬಗ್ಗಿಸಿ ನೆಲಕ್ಕೆ ಹಾಸಿ ಮೊಳೆ ಹೊಡೆಯಬೇಕು.

ಬೇಲಿ ಮುಚ್ಚುವ ಮುಂಚೆ ಪಾತಿಯೊಳಗೆ ಗೂಡು ಇದೆಯಾ ಅಂತ ದಯವಿಟ್ಟು ನೋಡಿ. ಈ ಮೊಲಗಳು ಆಳದ ಬಿಲ ತೋಡುವುದಿಲ್ಲ. ಹುಲ್ಲಿನಲ್ಲೋ ಮಡಿಯಲ್ಲೋ ಅಂಗೈ ಅಗಲದ ತಗ್ಗು ಮಾಡಿ, ತಾಯಿ ತನ್ನ ಹೊಟ್ಟೆಯ ತುಪ್ಪಳವನ್ನೇ ಕಿತ್ತು ಹಾಸಿ, ಮೇಲೆ ಒಣಹುಲ್ಲು ಮುಚ್ಚಿರುತ್ತದೆ. ಮರಿಗಳು ಒಳಗೆ ಒಂದಕ್ಕೊಂದು ಅಂಟಿಕೊಂಡು ಮಲಗಿರುತ್ತವೆ. ತಾಯಿ ಬಂದು ಹಾಲೂಡಿಸುವುದು ನಸುಕು, ಮುಸ್ಸಂಜೆಯ ಹೊತ್ತಿಗೆ, ಅದೂ ಕೆಲವೇ ನಿಮಿಷ. ಹಗಲೆಲ್ಲ ಕಾಣದಿದ್ದರೆ ಬಿಟ್ಟುಹೋಗಿದೆ ಎಂದುಕೊಂಡು ಮರಿ ಎತ್ತಿಕೊಂಡು ಬರಬೇಡಿ. ಅನುಮಾನವಿದ್ದರೆ ಗೂಡಿನ ಮೇಲೆ ಅಡ್ಡಡ್ಡ ನಾಲ್ಕು ದಾರದ ಎಳೆ ಇಡಿ. ಮರುದಿನ ಎಳೆ ಜರುಗಿದ್ದರೆ ತಾಯಿ ಬಂದು ಹೋಗಿದೆ ಅಂತ ಅರ್ಥ. ಸುಮಾರು 3 ವಾರಕ್ಕೆ ಮರಿಗಳು ತಾವೇ ಹೊರಟುಹೋಗುತ್ತವೆ. ಅಲ್ಲಿಯವರೆಗೆ ಅವರೆ ಸಸಿಗಳಿಗೆ ಒಂದೊಂದಾಗಿ ತಂತಿಯ ಬುಟ್ಟಿ ಮುಚ್ಚಿ, ಬೇಲಿಯ ಒಂದು ಬದಿ ತೆರೆದಿಟ್ಟರಾಯಿತು.

ಚಳಿಗಾಲದಲ್ಲಿ ಹಸಿರು ಸಿಗದೆ ಮೊಲಗಳು ಎಳೆ ಸೇಬಿನ ಗಿಡದ ತೊಗಟೆ ಕೆರೆಯುತ್ತವೆ. ಸುತ್ತಲೂ ತೊಗಟೆ ಹೋದರೆ ಗಿಡ ಸತ್ತಂತೆ. ಕಾಂಡಕ್ಕೂ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಸುತ್ತಿ. ಹಿಮ ಎಷ್ಟು ಎತ್ತರ ಕೂರುತ್ತದೋ ಅದಕ್ಕಿಂತ ಇನ್ನೂ 2 ಅಡಿ ಜಾಸ್ತಿ ಇರಲಿ, ಯಾಕೆಂದರೆ ಅವು ಹಿಮದ ಮೇಲೆಯೇ ನಿಂತು ತಿನ್ನುತ್ತವೆ.